ಸೊಟ್ಟ ಪಾದಕ್ಕ ಹುಡುಕಿದ ಹಾದಿ

ಕೂಸಿನ ಪಾದ ಒಳಗ ತಿರುಗಿ, ಹಿಮ್ಮಡ ಮ್ಯಾಲೆ ಎದ್ದಿದ್ರ ನಮ್ಮ ಕಡೆ ಮೊದ್ಲು ತಾಯಿ ಮ್ಯಾಲೆ ಬರ್ತಾರ: ಗ್ರಹಣದಾಗ ಹೊರಗ ಹೋಗಿದ್ದೇನವಾ ಅಂತ. ಪಾಪ, ಆಕಿದೇನೂ ತಪ್ಪಿರೂದಿಲ್ಲ. ಬೆರಳಿಲೆ ಮೆತ್ತಗ ಸರಿಸಿದ್ರ ಪಾದ ನೆಟ್ಟಗ ಬಂದ್ರ ಚಿಂತಿ ಕಡಿಮಿ. ಬಿಗಿ ಹಿಡಿದು ಬರಲಿಲ್ಲಂದ್ರ ಅದು ಸೊಟ್ಟ ಪಾದ, ತಡ ಮಾಡಬಾರದು.

ಗ್ರೀಸಿನ ಹಿಪ್ಪೊಕ್ರೇಟಿಸನ ಕಾಲದಾಗನ, ಅಂದ್ರ ಸುಮಾರು 2,400 ವರ್ಷದ ಹಿಂದ, ಎಳೇ ಪಾದ ಕೈಲೆ ತಿದ್ದಿ ಪಟ್ಟಿ ಕಟ್ಟತಿದ್ರು. 20ನೇ ಶತಮಾನದಾಗ ಕತ್ತರಿ ಜೋರಾತು. ದೊಡ್ಡ ಆಪರೇಷನ್ ಆದ ಎಷ್ಟೋ ಪಾದ ಮುಂದ ಸೆಟೆದು ನೋಯತಿದ್ವು. ಇದನ್ನ ಕಂಡ ಇಗ್ನಾಸಿಯೊ ಪೊನ್ಸೆಟಿ, ಸ್ಪೇನಿನವ್ರು, ಅಮೆರಿಕದ ಅಯೋವಾದಾಗ 1940ರ ದಶಕದ ಕೊನಿಗೆ ಬ್ಯಾರೆ ಹಾದಿ ಹಿಡಿದ್ರು: ವಾರಕ್ಕೊಮ್ಮೆ ತಿದ್ದಿ ಪ್ಲಾಸ್ಟರ್, ಹಿಂಗ 5-6 ಸಲ, ಬಹಳ ಮಕ್ಕಳಿಗೆ ಹಿಮ್ಮಡದ ಸ್ನಾಯುರಜ್ಜಿಗೆ ಒಂದು ಸಣ್ಣ ಕೊಯ್ತ. 1963ರಾಗ ಬರೆದು ತಿಳಿಸಿದ್ರೂ ಬಹಳ ಡಾಕ್ಟರರು ಕಿವಿಗೆ ಹಾಕ್ಕೊಳ್ಳಲಿಲ್ಲ. 1990ರ ದಶಕದ ಕೊನಿಗೆ ಅದನ್ನ ಹಬ್ಬಿಸಿದವ್ರೊಳಗ ತಂದೆ-ತಾಯಿನ ಮುಂದ. ಒಬ್ರಿಗೊಬ್ರು ಹೇಳಿ, ಕೂಸು ಎತ್ಕೊಂಡು ಅಯೋವಾಕ್ಕ ಹೋದ್ರು.

ಪ್ಲಾಸ್ಟರ್ ಬಿಚ್ಚಿದ್ರ ಮುಗೀತಂತಲ್ಲ. ಸರಳಿಗೆ ಜೋಡಿಸಿದ ಬೂಟು 3 ತಿಂಗಳು ದಿನಾ 23 ತಾಸು, ಆಮ್ಯಾಲೆ ಸುಮಾರು 4 ವರ್ಷದ ತನಕ ಮಲಗೂ ಹೊತ್ತಿನಾಗ. ಕೂಸು ಅಳತೈತಿ ಅಂತ ಅಜ್ಜಿ ದಿನಾ ಬಿಚ್ಚಿಟ್ರ ಪಾದ ಮತ್ತ ಒಳಗ ತಿರಗಾಕ ಹತ್ತತೈತಿ.