ದೇವರಾಯನದುರ್ಗ ಚಾರಣ

ದೇವರಾಯನದುರ್ಗವು ಕರ್ನಾಟಕದ ತುಮಕೂರು ಜಿಲ್ಲೆಯಲ್ಲಿರುವ ಗಿರಿಧಾಮ ಹಾಗೂ ಯಾತ್ರಾಸ್ಥಳ. ಇದು ತುಮಕೂರು ನಗರದಿಂದ ಸುಮಾರು 15 ಕಿ.ಮೀ. ದೂರದಲ್ಲಿದ್ದು, ಬೆಟ್ಟದ ಎತ್ತರ ಸಮುದ್ರಮಟ್ಟದಿಂದ ಸುಮಾರು 1,200 ಮೀಟರ್. ಕಣಿವೆಯ ಕಾಡು, ಚಿಲುಮೆ, ದೇವಾಲಯ ಮತ್ತು ಶಿಖರಗಳನ್ನು ಒಂದೇ ದಿನದಲ್ಲಿ ಕಾಲ್ನಡಿಗೆಯಲ್ಲಿ ನೋಡಬಹುದಾದ್ದರಿಂದ ಇದು ಚಾರಣಿಗರಿಗೆ ಪ್ರಿಯವಾದ ತಾಣವಾಗಿದೆ.

ಹೆಸರು

ಈ ಬೆಟ್ಟಕ್ಕೆ ಹಿಂದೆ ಆನೆಬಿದ್ದಸರಿ, ಜಡಕನದುರ್ಗ ಎಂಬ ಹೆಸರುಗಳಿದ್ದವು. ಮೈಸೂರಿನ ಚಿಕ್ಕದೇವರಾಜ ಒಡೆಯರು (ಆಳ್ವಿಕೆ 1673–1704) ಇದನ್ನು ವಶಪಡಿಸಿಕೊಂಡ ಬಳಿಕ ಈಗಿನ ಹೆಸರು ಬಂದಿತು.

ಚಾರಣದ ಹಾದಿ

ನಡಿಗೆಯನ್ನು ಸಾಮಾನ್ಯವಾಗಿ ನಾಮದ ಚಿಲುಮೆಯಿಂದ ಆರಂಭಿಸಲಾಗುತ್ತದೆ. ಶ್ರೀರಾಮನು ನಾಮ ಧರಿಸಲು ನೀರು ಸಿಗದಿದ್ದಾಗ ಬಂಡೆಗೆ ಬಾಣ ಬಿಟ್ಟು ನೀರು ಚಿಮ್ಮಿಸಿದನೆಂಬುದು ಇಲ್ಲಿನ ಸ್ಥಳಪುರಾಣ. ಸಮೀಪದಲ್ಲಿ ಜಿಂಕೆವನವಿದೆ. ಮುಂದಿನ ದಾರಿ ಕಾಡಿನ ನಡುವೆ ಸಾಗಿ ಬೆಟ್ಟದ ಬುಡದ ಭೋಗನರಸಿಂಹ ದೇವಾಲಯವನ್ನು ತಲುಪುತ್ತದೆ. ಅಲ್ಲಿಂದ ಮೇಲೇರಿದರೆ ಯೋಗನರಸಿಂಹ ದೇವಾಲಯ ಸಿಗುತ್ತದೆ. ಬೆಟ್ಟವೇರಲು ವಾಹನ ರಸ್ತೆಯೂ ಇದೆ.

ಅರಣ್ಯ ಮತ್ತು ಜೀವಿಗಳು

ಇಲ್ಲಿನದು ಪಶ್ಚಿಮ ಘಟ್ಟದ ಶೋಲಾದಂತಹ ನಿತ್ಯಹರಿದ್ವರ್ಣ ಕಾಡಲ್ಲ. ಜಾಲಾರಿ, ದಿಂಡಿಗ ಮೊದಲಾದ ಮರಗಳಿರುವ ಎಲೆಯುದುರುವ ಒಣ ಕಾಡು ಮತ್ತು ಕುರುಚಲು. ಆದರೂ ಮಳೆಗಾಲದ ಬೆಳಗಿನಲ್ಲಿ ಮೋಡಗಳು ಶಿಖರವನ್ನು ಆವರಿಸಿ ಕಣಿವೆಗೆ ಇಳಿಯುತ್ತವೆ. ಚಿರತೆ, ಕರಡಿ, ನವಿಲು ಮತ್ತು ಕೋತಿಗಳು ಇಲ್ಲಿವೆ. ಬಂಡೆ ಮತ್ತು ಕುರುಚಲು ಇರುವ ಬೆಟ್ಟಗಳಲ್ಲಷ್ಟೇ ಬಾಳುವ, ದಕ್ಷಿಣ ಭಾರತಕ್ಕೆ ಸೀಮಿತವಾದ ಹಳದಿ ಕೊರಳಿನ ಪಿಕಳಾರ ಹಕ್ಕಿಯೂ ಇಲ್ಲಿ ಕಂಡುಬರುತ್ತದೆ.

ನದಿಗಳ ಮೂಲ

ದೇವರಾಯನದುರ್ಗವು ಎರಡು ನದೀ ಕಣಿವೆಗಳ ನಡುವಿನ ಜಲವಿಭಾಜಕ. ಇಲ್ಲಿ ಹುಟ್ಟುವ ಜಯಮಂಗಲಿ ನದಿಯು ಕೊರಟಗೆರೆ, ಮಧುಗಿರಿ ತಾಲ್ಲೂಕುಗಳ ಮೂಲಕ ಹರಿದು ಉತ್ತರ ಪಿನಾಕಿನಿಯನ್ನು ಸೇರುತ್ತದೆ. ಇನ್ನೊಂದೆಡೆ ಹರಿಯುವ ಶಿಂಷಾ ನದಿಯು ಗುಬ್ಬಿ ತಾಲ್ಲೂಕಿನ ಕಡಬ ಕೆರೆಯನ್ನು ತುಂಬಿಸಿ, ಕುಣಿಗಲ್ ತಾಲ್ಲೂಕಿನಲ್ಲಿ ಯಡಿಯೂರಿಗೆ ಸಮೀಪದ ಮಾರ್ಕೋನಹಳ್ಳಿ ಜಲಾಶಯವನ್ನು ತಲುಪಿ, ಕೊನೆಗೆ ಕಾವೇರಿಯಲ್ಲಿ ಒಂದಾಗುತ್ತದೆ. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದ ಈ ಜಲಾಶಯವು, ನೀರು ಪೂರ್ಣಮಟ್ಟ ಮೀರಿದಾಗ ತಾನಾಗಿ ಹೊರಹರಿಸುವ ಸೈಫನ್ ವ್ಯವಸ್ಥೆಗೆ ಹೆಸರಾಗಿದೆ.

ಸಂರಕ್ಷಣೆ

ಬೆಟ್ಟದ ಕಾಡಿನ ನೆಲವನ್ನು ಮುಚ್ಚಿರುವ ತರಗೆಲೆ ಮತ್ತು ಹುಲ್ಲು ಮಳೆನೀರಿನ ವೇಗವನ್ನು ತಗ್ಗಿಸಿ, ಅದು ಮಣ್ಣಿನೊಳಗೆ ಇಂಗುವಂತೆ ಮಾಡುತ್ತವೆ. ಬೇಸಿಗೆಯಲ್ಲಿ ಇದೇ ಹೊದಿಕೆ ಒಣಗಿ ಸುಲಭವಾಗಿ ಹೊತ್ತಿಕೊಳ್ಳುತ್ತದೆ. ಕಾಡ್ಗಿಚ್ಚಿನಲ್ಲಿ ಹೊದಿಕೆಯೂ ಎಳೆಯ ಸಸಿಗಳೂ ಸುಟ್ಟುಹೋದರೆ, ಮುಂದಿನ ಮಳೆಗೆ ಮೇಲ್ಮಣ್ಣು ಕೊಚ್ಚಿಹೋಗಿ ಕೆಳಗಿನ ಕೆರೆಗಳಲ್ಲಿ ಹೂಳಾಗಿ ಸೇರುತ್ತದೆ. ಚಾರಣಿಗರು ಎಸೆದ ಬೀಡಿಯ ಒಂದು ಕಿಡಿಯೂ ಇದಕ್ಕೆ ಕಾರಣವಾಗಬಲ್ಲದು. ಪ್ಲಾಸ್ಟಿಕ್ ಕಸ ಮತ್ತು ಕೋತಿಗಳಿಗೆ ಆಹಾರ ನೀಡುವುದು ಇತರ ಸಮಸ್ಯೆಗಳು.

ಭೇಟಿಯ ಕಾಲ

ಮಳೆಗಾಲದ ಕೊನೆಯಿಂದ ಚಳಿಗಾಲದವರೆಗೆ ಚಾರಣಕ್ಕೆ ಅನುಕೂಲಕರ ಸಮಯ. ಮಳೆಯಲ್ಲಿ ಬಂಡೆಗಳು ಜಾರುತ್ತವೆ. ಚಿರತೆಗಳ ಸಂಚಾರವಿರುವುದರಿಂದ ಕತ್ತಲಾಗುವ ಮೊದಲೇ ಕಾಡಿನ ಹಾದಿಯಿಂದ ಹಿಂದಿರುಗುವುದು ಸುರಕ್ಷಿತ.