ಊದುಬತ್ತಿ ಹೊಸೆದ ಮಕ್ಕಳು

‘ನನ್ನಿಂದಾಗುತ್ತದೆ’ ಎಂಬ ಧೈರ್ಯವನ್ನು ಮಕ್ಕಳಲ್ಲಿ ತುಂಬಲು ಈಗ ಪ್ರೌಢಶಾಲೆಗಳಲ್ಲೂ ಡಿಸೈನ್ ಥಿಂಕಿಂಗ್ ಎಂಬ ಮಾತು ಕೇಳಿಬರುತ್ತಿದೆ. ನಮ್ಮ ದೇಶದಲ್ಲಿ ಇದರ ಒಂದು ಬೇರು ಅಹಮದಾಬಾದಿನಲ್ಲಿದೆ. ಅಲ್ಲಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆಯಲ್ಲಿ ಕಲಿತ ಕಿರಣ್ ಬೀರ್ ಸೇಠಿ 2001ರಲ್ಲಿ ರಿವರ್‌ಸೈಡ್ ಶಾಲೆ ತೆರೆದರು. ಬಾಲಕಾರ್ಮಿಕರ ಪಾಡು ತಿಳಿಯಲೆಂದು ಐದನೇ ತರಗತಿಯವರನ್ನು ಎಂಟು ಗಂಟೆ ಊದುಬತ್ತಿ ಹೊಸೆಯಲು ಕೂರಿಸಿದರು. ಬೆನ್ನು ಸೋತ ಆ ಮಕ್ಕಳೇ ಆಮೇಲೆ ಬೀದಿಗಿಳಿದು, ಈ ಪದ್ಧತಿ ನಿಲ್ಲಬೇಕೆಂದು ಜನರಿಗೆ ಹೇಳಿದರು. 2009ರಲ್ಲಿ ಸೇಠಿಯವರು ‘ಡಿಸೈನ್ ಫಾರ್ ಚೇಂಜ್’ ಆರಂಭಿಸಿದರು. ಅನುಭವಿಸು, ಕಲ್ಪಿಸು, ಮಾಡು, ಹಂಚಿಕೋ: ಅದರಲ್ಲಿ ನಾಲ್ಕೇ ಹೆಜ್ಜೆ. ಅದೇ ನವೆಂಬರಿನಲ್ಲಿ ಮೈಸೂರಿನ ಟೆಡ್ ಇಂಡಿಯಾ ಸಮಾವೇಶದಲ್ಲಿ ಅವರು ಈ ಕಥೆ ಹೇಳಿದರು.

ಹೇಳಿದ್ದೂ ಊದುಬತ್ತಿಗೇ ಹೆಸರಾದ ಊರಿನಲ್ಲಿ! ನಮ್ಮ ಶಾಲೆಯ ಎಷ್ಟೋ ಮಕ್ಕಳು ಸಂಜೆ ಅಮ್ಮನ ಪಕ್ಕ ಕೂತು ಬತ್ತಿ ಹೊಸೆಯುತ್ತಲೇ ಓದಿದವರು, ನಾನೂ ಒಬ್ಬಳು. ಮೊದಲ ಹೆಜ್ಜೆಯನ್ನು ನಮಗೆ ಯಾರೂ ಕಲಿಸಬೇಕಿರಲಿಲ್ಲ. ಎರಡನೆಯದಕ್ಕೆ ಕೇಳುವವರು ಬೇಕಿತ್ತು. ವಿಜ್ಞಾನದ ಮೇಷ್ಟ್ರು ಒಮ್ಮೆ, “ಅಮ್ಮನಿಗೆ ಬೆನ್ನುನೋವು ಅಂತೀಯಲ್ಲ, ನೀನೇನು ಮಾಡ್ತೀಯಮ್ಮ?” ಎಂದರು. ಮನೆಗೆ ಹೋಗಿ ಮಣೆಯ ಕೆಳಗೆ ನಾಲ್ಕು ಇಟ್ಟಿಗೆ ಇಟ್ಟು ಎತ್ತರಿಸಿದೆ. ಅಮ್ಮ ಮೊದಲು ಬೈದಳು. ಇಟ್ಟಿಗೆಗಳನ್ನು ಮಾತ್ರ ಕೊನೆಯವರೆಗೂ ತೆಗೆಯಲಿಲ್ಲ.