ಶಿಸ್ತಿನ ಶಿವಪ್ಪನಾಯಕನೂ ಮೂರು ಸೇರಿನ ಕೊಳಗವೂ

‘ಶಿಸ್ತು’ ಎಂದೊಡನೆ ಇಂದು ನಮ್ಮ ಕಣ್ಣಿಗೆ ಕಟ್ಟುವುದು ಶಾಲೆಯ ಮಕ್ಕಳ ಸಾಲು, ಮೇಷ್ಟರ ಬೆತ್ತ, ಇಲ್ಲವೆ ಪೋಲೀಸರ ಕವಾಯತು. ಆದರೆ ಸಾಗರ, ಹೊಸನಗರ, ತೀರ್ಥಹಳ್ಳಿಗಳ ಸೀಮೆಯಲ್ಲಿ ಒಂದು ಕಾಲಕ್ಕೆ ಈ ಮಾತಿಗೆ ಬೇರೆಯೇ ಅರ್ಥವಿದ್ದಿತು. ನೆಲಕ್ಕೆ ಇಷ್ಟು ಕಂದಾಯವೆಂದು ಗೊತ್ತುಮಾಡಿದ ಕಟ್ಟಿಗೆ ಅಲ್ಲಿ ಶಿಸ್ತೆಂದು ಹೆಸರು. ಅದನ್ನು ಗೊತ್ತುಮಾಡಿದ ಅರಸನನ್ನು ಜನ ‘ಶಿಸ್ತಿನ ಶಿವಪ್ಪನಾಯಕ’ ಎಂದೇ ಕರೆದರು. ತೆರಿಗೆ ಹಾಕಿದವನನ್ನು ಶಪಿಸುವುದು ಲೋಕರೂಢಿ. ಮಲೆನಾಡಿಗರು ಇವನ ತೆರಿಗೆಯನ್ನೇ ಬಿರುದಾಗಿ ಮಾಡಿ ಹಾಡಿ ಹೊಗಳಿದರು. ಇದಕ್ಕೆ ಕಾರಣವೇನೆಂಬುದು ವಿಚಾರ ಮಾಡತಕ್ಕ ಪ್ರಶ್ನೆ.

ಶಿವಪ್ಪನಾಯಕನು 1645ರಲ್ಲಿ ಗದ್ದುಗೆ ಏರಿದಾಗ ಅವನ ಕೈಗೆ ಬಂದದ್ದು ಸುಭದ್ರವಾದ ರಾಜ್ಯವಲ್ಲ. ಕೆಳದಿಯ ಅರಸರು ವಿಜಯನಗರದ ನೆರಳಿನಲ್ಲಿ ಬೆಳೆದು, ಕೆಳದಿಯಿಂದ ಇಕ್ಕೇರಿಗೆ ಬಂದು ನೆಲೆಸಿದ್ದರು. ಇವೆರಡೂ ಈಗಿನ ಸಾಗರದ ಆಸುಪಾಸಿನ ಊರುಗಳು. ಬಿಜಾಪುರದ ರಣದುಲ್ಲಾಖಾನನು 1637ರಲ್ಲಿ ಇಕ್ಕೇರಿಯ ಮೇಲೆ ಬಿದ್ದು ಊರನ್ನು ಕೊಳ್ಳೆಹೊಡೆದನು. ವೀರಭದ್ರನಾಯಕನು ರಾಜಧಾನಿಯನ್ನು ಕಾಡುಬೆಟ್ಟಗಳ ಮರೆಯ ಬಿದನೂರಿಗೆ, ಅಂದರೆ ಹೊಸನಗರ ತಾಲ್ಲೂಕಿನ ಈಗಿನ ನಗರಕ್ಕೆ, ಒಯ್ಯಬೇಕಾಯಿತು. ಪಡುವಣ ಕರಾವಳಿಯಲ್ಲಿ ಹೊನ್ನಾವರ, ಗಂಗೊಳ್ಳಿ, ಬಸರೂರು, ಮಂಗಳೂರುಗಳ ಕೋಟೆಗಳೆಲ್ಲ ಪೋರ್ಚುಗೀಸರ ವಶದಲ್ಲಿದ್ದವು. ಘಟ್ಟದ ಮೆಣಸೂ ಕರಾವಳಿಯ ಅಕ್ಕಿಯೂ ಅವರು ಹೇಳಿದ ಬೆಲೆಗೆ ಹಡಗು ಹತ್ತುತ್ತಿದ್ದವು.

ಹೊಸ ಅರಸನ ಕೈ ಬಲವಾದದ್ದು. 1652ರಿಂದ 1654ರೊಳಗೆ ಆ ಕೋಟೆಗಳು ಒಂದೊಂದಾಗಿ ಅವನ ವಶವಾದವು. ಬಿದನೂರನ್ನು ಬೆಳೆಸಿದನು, ವರ್ತಕರನ್ನೂ ಕುಶಲಕರ್ಮಿಗಳನ್ನೂ ಕರೆತಂದು ನೆಲೆಗೊಳಿಸಿದನು. ತೀರ್ಥಹಳ್ಳಿಯ ಕಡೆಯ ಕವಲೇದುರ್ಗವನ್ನು ಭದ್ರಪಡಿಸಿದನು. ನೆಲೆತಪ್ಪಿದ ವಿಜಯನಗರದ ಶ್ರೀರಂಗರಾಯನಿಗೆ ಆಶ್ರಯ ಕೊಟ್ಟನು. ಇವೆಲ್ಲ ದೊಡ್ಡ ಕೆಲಸಗಳೇ ಸರಿ. ಆದರೆ ಕೋಟೆ ಕಟ್ಟಿದ ಅರಸರು ನಮ್ಮಲ್ಲಿ ನೂರಾರು ಮಂದಿ. ಶಿವಪ್ಪನಾಯಕನನ್ನು ಅವರಿಂದ ಬೇರೆಯಾಗಿ ನಿಲ್ಲಿಸುವುದು ಗದ್ದೆಯ ಬದುವಿನ ಮೇಲೆ ನಡೆದ ಕೆಲಸ.

ರೈಸ್ ಸಾಹೇಬರು ತಮ್ಮ ಮೈಸೂರು ಗ್ಯಾಸೆಟಿಯರಿನಲ್ಲಿ ಅದರ ವಿವರ ಕೊಟ್ಟಿದ್ದಾರೆ. ಅರಸನು ನೆಲವನ್ನು ಉತ್ತಮದಿಂದ ಅಧಮಾಧಮದವರೆಗೆ ಐದು ತರಗಳಾಗಿ ವಿಂಗಡಿಸಿದನು. ಪ್ರತಿ ಗ್ರಾಮದಲ್ಲಿಯೂ ಆಯಾ ತರದ ಒಂದೊಂದು ಗದ್ದೆಯನ್ನು ಆರಿಸಿ, ತನ್ನ ಸ್ವಂತ ಖರ್ಚಿನಲ್ಲಿ ಸಾಗುವಳಿ ಮಾಡಿಸಿದನು. ಬಿತ್ತಿದ ಬೀಜವೆಷ್ಟು, ತಗುಲಿದ ವೆಚ್ಚವೆಷ್ಟು, ಕಣಕ್ಕೆ ಬಂದ ಭತ್ತವೆಷ್ಟು, ಅದರ ಧಾರಣೆಯೆಷ್ಟು ಎಂದು ಬರೆಸಿಟ್ಟನು. ಒಂದು ವರ್ಷವಲ್ಲ, ಎರಡು ವರ್ಷವಲ್ಲ, ಹನ್ನೆರಡು ವರ್ಷ! ಅವನು ಆಳಿದ್ದೇ ಹದಿನೈದು ವರ್ಷವೆಂಬುದನ್ನು ವಾಚಕರು ಗಮನಿಸಬೇಕು. ಮಳೆ ಹೆಚ್ಚಿದ ವರ್ಷ, ಕಡಮೆಯಾದ ವರ್ಷ, ಬೆಂಕಿರೋಗ ತಗುಲಿದ ವರ್ಷ, ಎಲ್ಲವೂ ಆ ಲೆಕ್ಕದಲ್ಲಿ ಸೇರಿದವು. ಕೊನೆಗೆ ಸರಾಸರಿ ತೆಗೆದು, ಹುಟ್ಟುವಳಿಯ ಮೂರರಲ್ಲಿ ಒಂದು ಪಾಲು ಅರಮನೆಗೆಂದು ಗೊತ್ತುಮಾಡಿದನು.

ಅಡಕೆ ತೋಟಕ್ಕೆ ಬೇರೆ ಅಳತೆ. ಇಕ್ಕೇರಿಯ ಅಘೋರೇಶ್ವರ ದೇವಾಲಯದ ಬಾಗಿಲ ಕಲ್ಲು ಮೆಟ್ಟಿಲಿನ ಉದ್ದವೇ ಅಳತೆಯ ಕೋಲು. ಈಗಿನ ಲೆಕ್ಕದಲ್ಲಿ ಸುಮಾರು 18 ಅಡಿ 6 ಅಂಗುಲ. ಅಷ್ಟು ಚೌಕದ ಜಾಗಕ್ಕೆ ‘ದಾಯ’ವೆಂದು ಹೆಸರು, ದಾಯಕ್ಕೊಂದು ಮರವೆಂದು ಎಣಿಕೆ. ಇದು ನನಗೆ ಬಹಳ ಹಿಡಿಸಿದ ಸಂಗತಿ. ಅಳತೆಯ ಕೋಲು ಶಾನುಭೋಗನ ಮನೆಯ ಅಟ್ಟದಲ್ಲಿದ್ದರೆ ಅದು ವರ್ಷವರ್ಷಕ್ಕೆ ಮೊಟಕಾಗಬಹುದು. ದೇವರ ಬಾಗಿಲಿನಲ್ಲಿ, ಹೋಗಿಬರುವವರ ಕಾಲಡಿಯಲ್ಲಿ ಬಿದ್ದಿರುವ ಕಲ್ಲನ್ನು ಯಾರು ತಾನೇ ಮೊಟಕು ಮಾಡಿಯಾರು? ಸಂಶಯ ಬಂದ ತೋಟಿಗನು ತಾನೇ ಹಗ್ಗ ಹಿಡಿದು ಹೋಗಿ ಅಳೆದು ನೋಡಬಹುದಾಗಿತ್ತು.

ಉತ್ತರದಲ್ಲಿ ಅಕ್ಬರನ ಮಂತ್ರಿ ತೋಡರಮಲ್ಲನು 1580ರಲ್ಲಿ ಹತ್ತು ವರ್ಷಗಳ ಸರಾಸರಿ ಹಿಡಿದು ಕಂದಾಯ ಕಟ್ಟಿದ್ದು ಪ್ರಸಿದ್ಧವೇ. ಅಲ್ಲಿಯೂ ಪಾಲು ಮೂರರಲ್ಲಿ ಒಂದು. ಅದು ವಿಶಾಲ ಸಾಮ್ರಾಜ್ಯದ ಬಯಲುಸೀಮೆಯ ಕೆಲಸ. ಇದು ಮಳೆಯೂ ಕಾಡೂ ತುಂಬಿದ ಸಣ್ಣ ಸೀಮೆಯಲ್ಲಿ, ಅರಸನೇ ಬೇಸಾಯಗಾರನಾಗಿ ಮಾಡಿ ನೋಡಿದ ಕೆಲಸ. ಹಿಂದುಳಿದ ನಾಡನ್ನು ಬಲವಂತದಿಂದ ಮುಂದೆಳೆದ ದೊರೆಯೆಂದರೆ ಲೋಕವು ರಷ್ಯದ ಪೀಟರನನ್ನು ಹೆಸರಿಸುತ್ತದೆ. ಅವನು ಹುಟ್ಟಿದ್ದು 1672ರಲ್ಲಿ, ಶಿವಪ್ಪನಾಯಕನು ತೀರಿಕೊಂಡು ಹನ್ನೆರಡು ವರ್ಷಗಳಾದ ಮೇಲೆ. ಪೀಟರನೂ ಹೊಸ ರಾಜಧಾನಿ ಕಟ್ಟಿಸಿದನು, ಸೇನೆ ಕಟ್ಟಿದನು. ಆದರೆ ಅದರ ಖರ್ಚಿಗೆ ಅವನು ಎಣಿಸಿದ್ದು ಪ್ರಜೆಗಳ ತಲೆಗಳನ್ನು. ಬಡವನಿಗೂ ಬಲ್ಲಿದನಿಗೂ ತಲೆ ಒಂದೇ. ಶಿವಪ್ಪನಾಯಕನು ಎಣಿಸಿದ್ದು ನೆಲದ ಶಕ್ತಿಯನ್ನು. ಹೀಗೆ ಬರೆದಿಟ್ಟ ಲೆಕ್ಕವು ಪ್ರಜೆಯನ್ನು ಮಾತ್ರವಲ್ಲ, ಅರಮನೆಯನ್ನೂ ಕಟ್ಟಿಹಾಕುತ್ತದೆ; ಇದಕ್ಕಿಂತ ಹೆಚ್ಚು ಕೇಳುವಂತಿಲ್ಲ ಎನ್ನುತ್ತದೆ. ಮುಂದೆ ದಾಸೋಹದ ಹೆಸರಿನಲ್ಲಿ, ಬೇರೆ ಬೇರೆ ಹೆಸರಿನಲ್ಲಿ ಪಟ್ಟಿಗಳು ಸೇರಿದವು. 1763ರಲ್ಲಿ ಬಿದನೂರು ಹೈದರನ ಪಾಲಾಯಿತು. ಆದರೂ ಜನ ಹಳೆಯ ಶಿಸ್ತನ್ನು ಮರೆಯಲಿಲ್ಲ. ಹೊಸ ಹೊರೆಯನ್ನು ಅದರೊಡನೆ ಹೋಲಿಸಿ ನಿಟ್ಟುಸಿರುಬಿಟ್ಟರು.

ಇಷ್ಟು ಹೇಳಿ ನಿಲ್ಲಿಸಿದರೆ ಇದು ಅರಸನ ಸ್ತುತಿಪಾಠವಾದೀತು. ಶಿಸ್ತು ಮುಟ್ಟಿದ್ದು ಅರಮನೆಗೂ ಹಿಡುವಳಿದಾರನಿಗೂ ನಡುವಿನ ಲೆಕ್ಕವನ್ನು. ಹಿಡುವಳಿದಾರನಿಗೂ ಅವನ ಗದ್ದೆ ಉಳುವ ಗೇಣಿಯವನಿಗೂ ನಡುವಿನ ಲೆಕ್ಕ ಅವರವರ ಅಂಗಳದಲ್ಲಿಯೇ ಉಳಿಯಿತು. ಅಲ್ಲಿ ದೇವಾಲಯದ ಕಲ್ಲು ಇರಲಿಲ್ಲ. ಇದ್ದದ್ದು ಒಡೆಯನ ಮನೆಯ ಕೊಳಗ.

ಮುನ್ನೂರು ವರ್ಷಗಳ ಮೇಲೆ ಜಗಳ ಎದ್ದದ್ದು ಆ ಕೊಳಗದ ಮೇಲೆಯೇ. ಇಕ್ಕೇರಿಯ ಸೀಮೆಗೇ ಸೇರಿದ, ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ 1951ರ ಏಪ್ರಿಲಿನಲ್ಲಿ ಗೇಣಿ ರೈತರು ಸತ್ಯಾಗ್ರಹ ಹೂಡಿದರು. ಮೂರು ಸೇರಿನದೇ ನ್ಯಾಯದ ಕೊಳಗವೆಂಬುದು ಅವರ ವಾದ. ಗೇಣಿ ಅಳೆಯುವ ಕೊಳಗ ಅದಕ್ಕಿಂತ ದೊಡ್ಡದು. ಎಚ್. ಗಣಪತಿಯಪ್ಪನವರು ರೈತರನ್ನು ಸಂಘಟಿಸಿದರು. ಶಾಂತವೇರಿ ಗೋಪಾಲಗೌಡರು ಜೊತೆಗೆ ನಿಂತರು. ರಾಮಮನೋಹರ ಲೋಹಿಯಾ ಬಂದು ದಸ್ತಗಿರಿಯಾದರು. ಅಲ್ಲಿ ಎದ್ದ ಮಾತು ಮೆಲ್ಲಮೆಲ್ಲನೆ ವಿಧಾನಸಭೆಯನ್ನು ಮುಟ್ಟಿತು. 1974ರಲ್ಲಿ ಜಾರಿಗೆ ಬಂದ ಭೂಸುಧಾರಣೆಯಿಂದ ಗೇಣಿಯ ಪದ್ಧತಿಯೇ ಹೋಯಿತು.

ಇಕ್ಕೇರಿಗೆ ಹೋದವರು ಅಘೋರೇಶ್ವರನ ಶಿಲ್ಪಗಳನ್ನು ನೋಡಿ ಮೆಚ್ಚಿ ಬರುತ್ತಾರೆ. ಮೆಟ್ಟಿಲನ್ನು ನೋಡುವವರು ಕಡಮೆ. ಮುಂದಿನ ಸಲ ಹೋದಾಗ ಅಲ್ಲಿ ಒಂದು ಗಳಿಗೆ ನಿಲ್ಲಬೇಕು. ಪ್ರಬಲನಾದ ಒಬ್ಬ ಅರಸ ತನ್ನ ಬಲವನ್ನೆಲ್ಲ ಒಂದು ನ್ಯಾಯವಾದ ಅಳತೆಗೆ ಒಪ್ಪಿಸಿದ ಜಾಗ ಅದು. ಹಾಗೆಯೇ ಅಲ್ಲಿಂದ ಕಾಗೋಡಿನ ದಿಕ್ಕಿಗೂ ಒಮ್ಮೆ ತಿರುಗಿ ನೋಡಬೇಕು. ಅರಸನ ಅಳತೆ ಎಲ್ಲಿ ನಿಂತಿತೋ ಅಲ್ಲಿಂದ ಮುಂದಿನದನ್ನು ಉಳುವವರು ತಾವೇ ಅಳೆದುಕೊಳ್ಳಬೇಕಾಯಿತು.